ಪ್ರೋಗ್ರಾಂ ಕೇಳಿದ್ದೇನು, ಕರ್ನಲ್ ಕೊಟ್ಟದ್ದೇನು?



ಕಂಪ್ಯೂಟರಿನಲ್ಲಿ ಓಡುವ ಯಾವ ಪ್ರೋಗ್ರಾಮೂ ತಾನಾಗಿ ಒಂದು ಕಡತ ತೆರೆಯಲಾರದು. ಪರದೆಯ ಮೇಲೆ ಒಂದಕ್ಷರ ಮೂಡಿಸಲಾರದು, ನೆಟ್‌ವರ್ಕಿಗೆ ಒಂದು ಬೈಟ್ ಕಳಿಸಲಾರದು. ಕೂಡುವುದು, ಕಳೆಯುವುದು, ಹೋಲಿಸುವುದು, ತನ್ನ ಪಾಲಿಗೆ ಬಂದ ಮೆಮೊರಿಯೊಳಗೆ ಅಂಕಿಗಳನ್ನು ಎತ್ತಿಡುವುದು, ಇಷ್ಟೇ ಅದರ ಸ್ವಂತ ಬಲ. ಮಿಕ್ಕ ಎಲ್ಲಕ್ಕೂ ಅದು ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್ಲಿನ ಮುಂದೆ ಕೈಚಾಚಬೇಕು. ಹೀಗೆ ಕೇಳುವ ಕ್ರಮಕ್ಕೆ ಸಿಸ್ಟಂ ಕಾಲ್ ಎಂದು ಹೆಸರು. ಪ್ರೋಗ್ರಾಂ ಏನೇನು ಕೇಳಿತು, ಕರ್ನಲ್ ಏನುತ್ತರ ಕೊಟ್ಟಿತು ಎಂಬುದನ್ನು ಸಾಲುಸಾಲಾಗಿ ಬರೆದು ತೋರಿಸುವ ಒಂದು ಸಾಧನ ಲಿನಕ್ಸಿನಲ್ಲಿದೆ. ಅದರ ಹೆಸರು ಎಸ್‌ಟ್ರೇಸ್. 1991ರಲ್ಲಿ ಪಾಲ್ ಕ್ರಾನೆನ್‌ಬರ್ಗ್ ಎಂಬವರು ಸನ್ ಕಂಪನಿಯ ಯಂತ್ರಗಳಿಗಾಗಿ ಬರೆದದ್ದು, ಬಳಿಕ ಲಿನಕ್ಸಿಗೆ ಬಂತು. ಸಿಸ್ಟಂಗಳನ್ನು ನೋಡಿಕೊಳ್ಳುವವರು ಇವತ್ತಿಗೂ ಏನಾದರೂ ಕೆಟ್ಟಾಗ ಕೈ ಹಾಕುವುದು ಮೊದಲು ಇದಕ್ಕೇ.

ಎಸ್‌ಟ್ರೇಸ್ ಬರೆದು ಕೊಡುವ ಪಟ್ಟಿ ಎಲ್ಲ ಯಂತ್ರಗಳಲ್ಲೂ ಒಂದೇ ರೀತಿ ಇರುತ್ತದೆ ಎಂದು ನಾವು ಸಾಮಾನ್ಯವಾಗಿ ಅಂದುಕೊಳ್ಳುತ್ತೇವೆ. ಹಾಗಿಲ್ಲ. ಅದೇ ಪ್ರೋಗ್ರಾಮನ್ನು ಇಂಟೆಲ್ ಮಾದರಿಯ ಲ್ಯಾಪ್‌ಟಾಪಿನಲ್ಲಿ ಓಡಿಸಿದಾಗ ಬರುವ ಪಟ್ಟಿ ಒಂದು, ರಿಸ್ಕ್-ಫೈವ್ ಪ್ರೊಸೆಸರಿನ ಮೇಲೆ ಬರುವ ಪಟ್ಟಿ ಇನ್ನೊಂದು. ಎರಡರ ನಡುವಿನ ವ್ಯತ್ಯಾಸವೇ ಇವತ್ತಿನ ನನ್ನ ಮಾತಿನ ವಸ್ತು. ಯಾಕೆಂದರೆ, ಲಿನಕ್ಸ್ ಸೇರಿರುವ ಯೂನಿಕ್ಸ್ ಪರಂಪರೆ ಐವತ್ತು ವರ್ಷಗಳಲ್ಲಿ ತನ್ನ ಯಾವ ಯಾವ ನಡೆಯನ್ನು ತಿದ್ದಿಕೊಂಡಿತು ಎಂಬುದು ಆ ವ್ಯತ್ಯಾಸದಲ್ಲಿ ಕಾಣಸಿಗುತ್ತದೆ.

ರಿಸ್ಕ್-ಫೈವ್ ಹುಟ್ಟಿದ್ದು 2010ರಲ್ಲಿ, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಆವರಣದಲ್ಲಿ. ಕ್ರಿಸ್ಟೆ ಅಸನೊವಿಚ್, ಡೇವಿಡ್ ಪ್ಯಾಟರ್ಸನ್, ಆಗ ಅಲ್ಲಿ ಸಂಶೋಧನಾ ವಿದ್ಯಾರ್ಥಿಗಳಾಗಿದ್ದ ಆಂಡ್ರ್ಯೂ ವಾಟರ್‌ಮನ್ ಮತ್ತು ಯುನ್‌ಸಪ್ ಲೀ ಇದರ ಹಿಂದಿದ್ದರು. ಇದರ ಆಜ್ಞಾಪಟ್ಟಿ ಎಲ್ಲರಿಗೂ ಮುಕ್ತ. ಅದನ್ನು ಓದಿ ಚಿಪ್ ಮಾಡುವವರು ಯಾರಿಗೂ ಲೈಸೆನ್ಸ್ ಹಣ ಕಟ್ಟಬೇಕಿಲ್ಲ. ಮದ್ರಾಸ್ ಐಐಟಿಯ ‘ಶಕ್ತಿ’ ಪ್ರೊಸೆಸರುಗಳೂ ಸಿ-ಡ್ಯಾಕ್ ಸಂಸ್ಥೆಯ ‘ವೇಗಾ’ ಪ್ರೊಸೆಸರುಗಳೂ ಇದೇ ವಿನ್ಯಾಸದ ಮಕ್ಕಳು. ಶಕ್ತಿ ಚಿಪ್ಪಿನ ಮೇಲೆ ಲಿನಕ್ಸ್ ಓಡಿದ್ದು 2018ರಲ್ಲಿ. ಅದೇ ವರ್ಷದ ಜನವರಿಯಲ್ಲಿ ಹೊರಬಂದ ಲಿನಕ್ಸ್ ಕರ್ನಲ್ 4.15 ರಿಸ್ಕ್-ಫೈವನ್ನು ಅಧಿಕೃತವಾಗಿ ತನ್ನೊಳಗೆ ಸೇರಿಸಿಕೊಂಡಿತ್ತು. ಹಾಗಾಗಿ ಈಗ ನಾನು ಹೇಳುವ ವಿವರ ಬರ್ಕ್ಲಿಯ ಪ್ರಯೋಗಶಾಲೆಗೆ ಎಷ್ಟು ಅನ್ವಯವೋ ಲಿನಕ್ಸ್ ಓಡಿಸಬಲ್ಲ 64 ಬಿಟ್‌ನ ಶಕ್ತಿಗೂ ಅಷ್ಟೇ ಅನ್ವಯ.

ಮೊದಲು, ಕರ್ನಲ್ಲನ್ನು ಕೇಳುವ ಬಗೆ ಹೇಗೆ ಎಂದು ನೋಡೋಣ. ರಿಸ್ಕ್-ಫೈವ್‌ನಲ್ಲಿ ಅದಕ್ಕೆ ಇರುವುದು ಒಂದೇ ಆಜ್ಞೆ, ಇಕಾಲ್. ಪ್ರೋಗ್ರಾಂ ತನಗೆ ಬೇಕಾದ ಸೇವೆಯ ಸಂಖ್ಯೆಯನ್ನು ಎ7 ಎಂಬ ರಿಜಿಸ್ಟರಿನಲ್ಲಿ, ಅಂದರೆ ಪ್ರೊಸೆಸರಿನೊಳಗಿನ ಒಂದು ಪುಟ್ಟ ಖಾನೆಯಲ್ಲಿ, ಇಡುತ್ತದೆ. ಆ ಸೇವೆಗೆ ಬೇಕಾದ ವಿವರಗಳನ್ನು ಎ0ಯಿಂದ ಎ5ರವರೆಗಿನ ಆರು ರಿಜಿಸ್ಟರುಗಳಲ್ಲಿ ಕ್ರಮವಾಗಿ ತುಂಬುತ್ತದೆ. ಆಮೇಲೆ ಇಕಾಲ್. ಆ ಕ್ಷಣಕ್ಕೆ ಪ್ರೊಸೆಸರ್ ಬಳಕೆದಾರನ ಮಟ್ಟದಿಂದ ಮೇಲ್ವಿಚಾರಕನ ಮಟ್ಟಕ್ಕೆ ಏರುತ್ತದೆ. ಯಾಕೆ ಏರಿದೆ ಎಂಬ ಕಾರಣವನ್ನು ಒಂದು ವಿಶೇಷ ರಿಜಿಸ್ಟರಿನಲ್ಲಿ ಬರೆದಿಡುತ್ತದೆ. ಪ್ರೋಗ್ರಾಂ ಮಾಡಿದ ಇಕಾಲ್‌ಗೆ ಅಲ್ಲಿ ನಮೂದಾಗುವ ಸಂಖ್ಯೆ 8. ಎಲ್ಲಿಂದ ಏರಿತು ಎಂಬ ವಿಳಾಸವನ್ನು ಇನ್ನೊಂದರಲ್ಲಿ ಇಡುತ್ತದೆ. ಸಾಮಾನ್ಯ ರಿಜಿಸ್ಟರುಗಳಲ್ಲಿ ಯಾವುದನ್ನೂ ಹಾರ್ಡ್‌ವೇರ್ ತಾನಾಗಿ ಕಾಪಾಡುವುದಿಲ್ಲ. ಅವನ್ನೆಲ್ಲ ಜೋಪಾನ ಮಾಡಿ, ಕೆಲಸ ಮುಗಿದ ಮೇಲೆ ಇದ್ದಂತೆಯೇ ಹಿಂದಿರುಗಿಸುವ ಹೊಣೆ ಕರ್ನಲ್ಲಿನದು.

ಒಂದು ಸೂಕ್ಷ್ಮ ಇಲ್ಲಿದೆ. ಪ್ರೊಸೆಸರ್ ಬರೆದಿಟ್ಟ ವಿಳಾಸ ಇಕಾಲ್ ಆಜ್ಞೆಯದೇ, ಅದರ ಮುಂದಿನದಲ್ಲ. ಹಾಗೇ ಹಿಂದಿರುಗಿದರೆ ಅದೇ ಇಕಾಲ್ ಮತ್ತೆ ಓಡಿ, ಮತ್ತೆ ಕರ್ನಲ್ಲಿಗೇ ಬರುತ್ತದೆ, ಕೊನೆಯೇ ಇರುವುದಿಲ್ಲ. ಆಜ್ಞೆಯ ಉದ್ದ 4 ಬೈಟ್. ಆದ್ದರಿಂದ ಕರ್ನಲ್ ಆ ವಿಳಾಸಕ್ಕೆ 4 ಕೂಡಿಸಿ ಹಿಂದಕ್ಕೆ ಕಳಿಸುತ್ತದೆ. ನಡುವೆ ಒಂದು ಸಿಗ್ನಲ್ ಬಂದು ಕೆಲಸ ಅರ್ಧಕ್ಕೆ ನಿಂತು, ಪುನಃ ಮೊದಲಿಂದ ಕೇಳಬೇಕಾದಾಗ, ಅದೇ 4ನ್ನು ಕಳೆದು ಇಕಾಲ್ ಮತ್ತೊಮ್ಮೆ ಓಡುವಂತೆ ಮಾಡುತ್ತದೆ. ಎಸ್‌ಟ್ರೇಸ್ ಪಟ್ಟಿಯಲ್ಲಿ ಉತ್ತರದ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಯೂ ‘ಇರೀಸ್ಟಾರ್ಟ್‌ಸಿಸ್’ ಎಂಬ ಪದವೂ ಕಂಡರೆ, ನೀವು ನೋಡುತ್ತಿರುವುದು ಈ ಕೂಡಿ ಕಳೆಯುವ ಆಟವನ್ನೇ.

ಇನ್ನು ಎಸ್‌ಟ್ರೇಸ್ ಇದನ್ನೆಲ್ಲ ಹೇಗೆ ನೋಡುತ್ತದೆ? ಅದಕ್ಕೆ ಸ್ವಂತ ಕಣ್ಣಿಲ್ಲ. ಪಿಟ್ರೇಸ್ ಎಂಬ ಇನ್ನೊಂದು ಸಿಸ್ಟಂ ಕಾಲ್ ಮೂಲಕ ಅದು ಕರ್ನಲ್ಲಿನಿಂದಲೇ ಅನುಮತಿ ಪಡೆಯುತ್ತದೆ. ಪಿಟ್ರೇಸ್ ತುಂಬ ಹಳೆಯದು, 1970ರ ದಶಕದ ಆರನೆಯ ಆವೃತ್ತಿಯ ಯೂನಿಕ್ಸಿನಲ್ಲೇ ಇತ್ತು. ನಮ್ಮ ತಾಲ್ಲೂಕು ಕಚೇರಿಗಳಲ್ಲಿ ಆವಕ-ಜಾವಕ ಪುಸ್ತಕ ಇರುವುದನ್ನು ನೀವು ಬಲ್ಲಿರಿ. ಅರ್ಜಿ ಒಳಬಂದಾಗ ಒಂದು ನಮೂದು, ಉತ್ತರ ಹೊರಹೋದಾಗ ಇನ್ನೊಂದು. ಒಳಗೆ ಕಡತ ಯಾವ ಮೇಜಿಂದ ಯಾವ ಮೇಜಿಗೆ ಸರಿಯಿತು ಎಂಬುದು ಆ ಪುಸ್ತಕಕ್ಕೆ ಗೊತ್ತಿಲ್ಲ. ಪಿಟ್ರೇಸ್ ಮಾಡುವುದೂ ಇದನ್ನೇ. ಪ್ರತಿ ಸಿಸ್ಟಂ ಕಾಲ್‌ಗೆ ಪ್ರೋಗ್ರಾಮನ್ನು ಎರಡು ಸಲ ನಿಲ್ಲಿಸುತ್ತದೆ: ಒಳಗೆ ಹೋಗುವಾಗ ಒಮ್ಮೆ, ಹೊರಗೆ ಬರುವಾಗ ಒಮ್ಮೆ. ನಿಂತಾಗಲೆಲ್ಲ ಎಸ್‌ಟ್ರೇಸ್ ರಿಜಿಸ್ಟರುಗಳನ್ನು ಓದಿಕೊಂಡು, ಎರಡು ಸಲ ಓದಿದ್ದನ್ನೂ ಸೇರಿಸಿ ಒಂದು ಸಾಲು ಬರೆಯುತ್ತದೆ.

ಎರಡು ಸಲ ನಿಲ್ಲಿಸುವುದು ಯಾಕೆ ಅನಿವಾರ್ಯ ಎಂಬುದು ರಿಸ್ಕ್-ಫೈವ್‌ನಲ್ಲಿ ಚೆನ್ನಾಗಿ ತಿಳಿಯುತ್ತದೆ. ಎ0 ರಿಜಿಸ್ಟರಿಗೆ ಇಲ್ಲಿ ಎರಡು ಕೆಲಸ. ಒಳಗೆ ಹೋಗುವಾಗ ಅದರಲ್ಲಿರುವುದು ಮೊದಲನೆಯ ವಿವರ, ಹೊರಬರುವಾಗ ಅದರಲ್ಲಿರುವುದು ಕರ್ನಲ್ಲಿನ ಉತ್ತರ. ಉತ್ತರ ಬಂದ ಮೇಲೆ ನೋಡಿದರೆ ಕೇಳಿದ್ದೇನು ಎಂಬುದರ ಒಂದು ಭಾಗ ಅಳಿಸಿಹೋಗಿರುತ್ತದೆ. ಆದ್ದರಿಂದ ಒಳಹೋಗುವಾಗಲೇ ಬರೆದುಕೊಂಡಿರಬೇಕು. ಉತ್ತರವನ್ನು ಅರ್ಥ ಮಾಡಿಕೊಳ್ಳುವುದಕ್ಕೂ ಒಂದು ಕಟ್ಟಳೆ ಇದೆ. ಎ0ಯಲ್ಲಿ ಬಂದ ಸಂಖ್ಯೆ ಋಣ 1ರಿಂದ ಋಣ 4095ರೊಳಗೆ ಇದ್ದರೆ ಅದು ತಪ್ಪಿನ ಸಂಕೇತ. ಋಣ 2 ಅಂದರೆ ಅಂಥ ಕಡತವೇ ಇಲ್ಲ. ಋಣ 13 ಅಂದರೆ ಅನುಮತಿ ಇಲ್ಲ. ಋಣ 38 ಅಂದರೆ ಅಂಥ ಸೇವೆಯೇ ಇಲ್ಲ. ಎಲ್ಲ ಪ್ರೊಸೆಸರುಗಳಲ್ಲೂ ಹೀಗಿಲ್ಲ. ಮಿಪ್ಸ್ ಎಂಬ ವಿನ್ಯಾಸದಲ್ಲಿ ತಪ್ಪಾಯಿತೋ ಇಲ್ಲವೋ ಎಂಬುದನ್ನು ಹೇಳಲು ಬೇರೊಂದು ರಿಜಿಸ್ಟರೇ ಇದೆ. ಸ್ಪಾರ್ಕ್‌ನಲ್ಲಿ ಕ್ಯಾರಿ ಎಂಬ ಒಂದು ಬಿಟ್ ಆ ಸುದ್ದಿ ಹೇಳುತ್ತದೆ.

ಸಂಖ್ಯೆಗಳ ಕಥೆ ಇನ್ನೂ ಸ್ವಾರಸ್ಯವಾದದ್ದು. ಬರೆಯುವ ಕೆಲಸಕ್ಕೆ, ಅಂದರೆ ‘ರೈಟ್’ ಎಂಬ ಸಿಸ್ಟಂ ಕಾಲ್‌ಗೆ, 32 ಬಿಟ್‌ನ ಇಂಟೆಲ್ ಯಂತ್ರದಲ್ಲಿ ಸಂಖ್ಯೆ 4. ಇದು ಹಳೆಯ ಯೂನಿಕ್ಸಿನಿಂದ ಬಂದ ಬಳುವಳಿ. 64 ಬಿಟ್‌ನ ಇಂಟೆಲ್ ಮಾದರಿಯಲ್ಲಿ ಅದೇ ರೈಟ್‌ಗೆ ಸಂಖ್ಯೆ 1. ಅಲ್ಲಿ 4 ಎಂದರೆ ‘ಸ್ಟಾಟ್’, ಕಡತದ ವಿವರ ಕೇಳುವುದು. ರಿಸ್ಕ್-ಫೈವ್‌ನಲ್ಲೂ 64 ಬಿಟ್‌ನ ಆರ್ಮ್‌ನಲ್ಲೂ ರೈಟ್ 64ನೆಯದು. ಇದರಿಂದ ಒಂದು ನಿಜವಾದ ತೊಡಕು ಹುಟ್ಟಿತ್ತು. 64 ಬಿಟ್‌ನ ಇಂಟೆಲ್ ಯಂತ್ರದಲ್ಲಿ ಓಡುವ ಪ್ರೋಗ್ರಾಂ ಹಳೆಯ 32 ಬಿಟ್‌ನ ದಾರಿಯಲ್ಲೂ ಕರ್ನಲ್ಲನ್ನು ಕರೆಯಬಹುದು. ಹಾಗೆ 4 ಎಂದು ಕರೆದಾಗ ಅದು ಬರೆಯಿತೋ ಇಲ್ಲ ಕಡತದ ವಿವರ ಕೇಳಿತೋ ಎಂದು ಎಸ್‌ಟ್ರೇಸ್‌ಗೆ ಖಚಿತವಾಗಿ ತಿಳಿಯುತ್ತಿರಲಿಲ್ಲ. 2019ರಲ್ಲಿ ಬಂದ ಲಿನಕ್ಸ್ 5.3ರಲ್ಲಿ ಎಲ್ವಿರಾ ಖಬಿರೋವಾ ಮತ್ತು ಎಸ್‌ಟ್ರೇಸ್‌ನ ಈಗಿನ ನಿರ್ವಾಹಕ ಡಿಮಿಟ್ರಿ ಲೆವಿನ್ ಅವರ ಶ್ರಮದಿಂದ ಪಿಟ್ರೇಸ್‌ಗೆ ಒಂದು ಹೊಸ ಸೌಲಭ್ಯ ಸೇರಿತು. ಅಂದಿನಿಂದ, ಇದು ಯಾವ ವಿನ್ಯಾಸದ ಕರೆ, ಸಂಖ್ಯೆ ಎಷ್ಟು, ವಿವರಗಳೇನು, ಈಗ ಒಳಹೋಗುತ್ತಿದೆಯೋ ಹೊರಬರುತ್ತಿದೆಯೋ ಎಂಬುದನ್ನೆಲ್ಲ ಕರ್ನಲ್ಲೇ ಹೇಳುತ್ತದೆ. ಪ್ರತಿಯೊಂದು ಪ್ರೊಸೆಸರಿನ ರಿಜಿಸ್ಟರುಗಳ ಹೆಸರನ್ನು ಎಸ್‌ಟ್ರೇಸ್ ಬಾಯಿಪಾಠ ಮಾಡಿಕೊಳ್ಳಬೇಕಾದ ಕಷ್ಟ ಬಹುಮಟ್ಟಿಗೆ ತಪ್ಪಿತು.

ಈಗ ಒಂದು ಪುಟ್ಟ ಉದಾಹರಣೆಗೆ ಬರೋಣ. ‘ಕ್ಯಾಟ್’ ಎಂಬುದು ಲಿನಕ್ಸಿನ ಅತ್ಯಂತ ಸರಳ ಪ್ರೋಗ್ರಾಮುಗಳಲ್ಲಿ ಒಂದು. ಒಂದು ಕಡತವನ್ನು ಓದಿ ಪರದೆಯ ಮೇಲೆ ಹರಡುತ್ತದೆ. ಅದನ್ನು ರಿಸ್ಕ್-ಫೈವ್ ಯಂತ್ರದಲ್ಲಿ ಎಸ್‌ಟ್ರೇಸ್ ಕೈಕೆಳಗೆ ಓಡಿಸಿದಿರಿ ಎನ್ನಿ. ನಮ್ಮ ಕಡತವನ್ನು ತೆರೆಯುವ ಸಾಲು ಪಟ್ಟಿಯಲ್ಲಿ ಕಾಣುವುದಕ್ಕೆ ಮುಂಚೆಯೇ ಹತ್ತಾರು ಸಾಲುಗಳು ಕಳೆದುಹೋಗಿರುತ್ತವೆ. ಮೊದಲ ಸಾಲು ಪ್ರೋಗ್ರಾಮನ್ನು ಮೆಮೊರಿಗೆ ತರುವ ‘ಎಕ್ಸೆಕ್‌ವಿಇ’. ಆಮೇಲೆ ಮೆಮೊರಿಯ ಗಡಿ ಎಲ್ಲಿದೆ ಎಂದು ಕೇಳುವ ‘ಬ್ರೇಕ್’. ಬಳಿಕ, ಪ್ರೋಗ್ರಾಮಿಗೆ ಬೇಕಾದ ಲೈಬ್ರರಿಗಳನ್ನು ಜೋಡಿಸುವ ಡೈನಾಮಿಕ್ ಲಿಂಕರ್ ಒಂದು ಕಡತಕ್ಕಾಗಿ ತಡಕಾಡುತ್ತದೆ, ಬಹುತೇಕ ಯಂತ್ರಗಳಲ್ಲಿ ಆ ಕಡತ ಇರುವುದೇ ಇಲ್ಲ. ಋಣ 2 ಎಂಬ ಉತ್ತರ ಬರುತ್ತದೆ. ಹೊಸಬರು ಇದನ್ನು ನೋಡಿ ಏನೋ ಕೆಟ್ಟಿದೆ ಎಂದು ಗಾಬರಿಯಾಗುತ್ತಾರೆ. ಗಾಬರಿ ಬೇಡ. ಅದು ಇದ್ದರೆ ಬಳಸುತ್ತೇನೆ, ಇಲ್ಲದಿದ್ದರೆ ಮುಂದೆ ಹೋಗುತ್ತೇನೆ ಎಂಬ ವಿಚಾರಣೆ ಅಷ್ಟೇ.

ಮುಂದೆ ಸಿ ಭಾಷೆಯ ಲೈಬ್ರರಿಯನ್ನು ತೆರೆದು ಅದರ ಮೊದಲ 832 ಬೈಟುಗಳನ್ನು ಓದುವ ಸಾಲು ಬರುತ್ತದೆ. ಓದಿದ ಬೈಟುಗಳನ್ನು ಎಸ್‌ಟ್ರೇಸ್ ಸ್ವಲ್ಪ ಮಟ್ಟಿಗೆ ಅಲ್ಲೇ ತೋರಿಸುತ್ತದೆ. ಅದರೊಳಗೆ ಹದಿನೆಂಟು ಬೈಟುಗಳು ಕಳೆದ ಮೇಲೆ ಒಂದು ಹಿಂಗೆರೆ, ಪಕ್ಕದಲ್ಲಿ 363 ಎಂಬ ಅಂಕಿ. ಇದು ಎಂಟರ ಮಾನದ ಸಂಖ್ಯೆ. ನಮ್ಮ ದಶಮಾನದಲ್ಲಿ 243. ಕಾರ್ಯಗತ ಕಡತಗಳ ಮೇಲೆ ರಿಸ್ಕ್-ಫೈವ್‌ಗೆ ಗೊತ್ತುಪಡಿಸಿದ ಗುರುತು ಅದು. ಇಂಟೆಲ್ ಮಾದರಿಯ 64 ಬಿಟ್ ಯಂತ್ರದಲ್ಲಿ ಅದೇ ಜಾಗದಲ್ಲಿ 62 ಇರುತ್ತದೆ. 62 ‘ದೊಡ್ಡದು’ ಎಂಬ ಗಣಿತ ಚಿಹ್ನೆಯ ಆಸ್ಕಿ ಸಂಕೇತವಾದ್ದರಿಂದ ಪಟ್ಟಿಯಲ್ಲಿ ಆ ಚಿಹ್ನೆಯೇ ಮೂಡುತ್ತದೆ. ಹೀಗಾಗಿ ಯಾರೋ ಕಳಿಸಿದ ಪಟ್ಟಿ ಯಾವ ಪ್ರೊಸೆಸರಿನದು ಎಂದು ಬೇರೇನೂ ಕೇಳದೆ ಆ ಒಂದು ಸಾಲಿನಿಂದ ಹೇಳಿಬಿಡಬಹುದು.

ಇಂಟೆಲ್ ಯಂತ್ರದ ಪಟ್ಟಿಯಲ್ಲಿ ಇದ್ದು ರಿಸ್ಕ್-ಫೈವ್ ಪಟ್ಟಿಯಲ್ಲಿ ಇಲ್ಲದ ಸಾಲುಗಳನ್ನು ಈಗ ಗಮನಿಸಿ. ಒಂದು, ‘ಆರ್ಚ್-ಪಿಆರ್‌ಸಿಟಿಎಲ್’. ಒಂದು ಪ್ರೋಗ್ರಾಮಿನೊಳಗೆ ಜೊತೆಜೊತೆಗೆ ಓಡುವ ಎಳೆಗಳಿಗೆ ಥ್ರೆಡ್ ಎಂದು ಹೆಸರು. ಪ್ರತಿ ಥ್ರೆಡ್ಡಿಗೂ ತನ್ನದೇ ಆದ ಒಂದಿಷ್ಟು ಮೆಮೊರಿ ಇರುತ್ತದೆ; ಅದರ ವಿಳಾಸವನ್ನು ಇಂಟೆಲ್ ಮಾದರಿಯಲ್ಲಿ ಎಫ್‌ಎಸ್ ಎಂಬ ಹಳೆಯ ಸೆಗ್ಮೆಂಟ್ ವ್ಯವಸ್ಥೆಯಲ್ಲಿ ಇಡಲಾಗುತ್ತದೆ, ಅದನ್ನು ಹೊಂದಿಸಲು ಕರ್ನಲ್ಲನ್ನು ಕೇಳುವುದು ರೂಢಿ. ರಿಸ್ಕ್-ಫೈವ್‌ನಲ್ಲಿ ಇದಕ್ಕೆಂದೇ ಟಿಪಿ ಎಂಬ ಸಾಮಾನ್ಯ ರಿಜಿಸ್ಟರನ್ನು ಮೀಸಲಿಟ್ಟಿದ್ದಾರೆ. ಪ್ರೋಗ್ರಾಂ ತಾನೇ ಅದರಲ್ಲಿ ಬರೆದುಕೊಳ್ಳುತ್ತದೆ. ಕೇಳುವ ಮಾತೇ ಇಲ್ಲ, ಆದ್ದರಿಂದ ಸಾಲೂ ಇಲ್ಲ.

ಇನ್ನೊಂದು, ‘ಆಕ್ಸೆಸ್’. ಆಗ ಹೇಳಿದ ಆ ತಡಕಾಟ ಇಂಟೆಲ್ ಪಟ್ಟಿಯಲ್ಲಿ ಆಕ್ಸೆಸ್ ಎಂಬ ಹೆಸರಿನಲ್ಲಿದೆ. ರಿಸ್ಕ್-ಫೈವ್‌ನಲ್ಲಿ ಅದು ‘ಎಫ್‌ಆಕ್ಸೆಸ್‌ಆಟ್’. ಇದು ಹೆಸರಿನ ಬದಲಾವಣೆ ಮಾತ್ರವಲ್ಲ. ರಿಸ್ಕ್-ಫೈವ್ ಲಿನಕ್ಸಿನ ಕೋಷ್ಟಕದಲ್ಲಿ ಆಕ್ಸೆಸ್ ಇಲ್ಲವೇ ಇಲ್ಲ. ಓಪನ್ ಇಲ್ಲ. ಫೋರ್ಕ್ ಇಲ್ಲ. ಪೈಪ್ ಇಲ್ಲ, ಡಪ್2 ಇಲ್ಲ, ಎಂಕೆಡಿರ್ ಇಲ್ಲ, ರೀನೇಮ್ ಇಲ್ಲ. ಯೂನಿಕ್ಸ್ ಪಠ್ಯಪುಸ್ತಕದ ಮೊದಲ ಅಧ್ಯಾಯಗಳಲ್ಲಿ ನಾವೆಲ್ಲ ಕಲಿತ ಹೆಸರುಗಳೇ ಇವು. ಅವುಗಳ ಜಾಗದಲ್ಲಿ ಓಪನ್‌ಆಟ್, ಕ್ಲೋನ್, ಪೈಪ್2, ಡಪ್3, ಎಂಕೆಡಿರ್‌ಆಟ್, ರೀನೇಮ್‌ಆಟ್2 ಇವೆ. ಸಿ ಭಾಷೆಯಲ್ಲಿ ಓಪನ್ ಎಂದು ಬರೆದರೆ ಪ್ರೋಗ್ರಾಂ ಓಡುತ್ತದೆ. ಲೈಬ್ರರಿ ಅದನ್ನು ಓಪನ್‌ಆಟ್ ಆಗಿಸಿ ಕಳಿಸುತ್ತದೆ.

ಯಾಕೆ ಹೀಗೆ? ಓಪನ್‌ಗೆ ನೀವು ಕೊಡುವುದು ಕಡತದ ಹೆಸರು. ಆ ಹೆಸರು ಬೇರಿನಿಂದ, ಅಂದರೆ ರೂಟ್ ಡೈರೆಕ್ಟರಿಯಿಂದ, ಶುರುವಾಗದಿದ್ದರೆ, ಪ್ರೋಗ್ರಾಂ ಸದ್ಯ ಯಾವ ಡೈರೆಕ್ಟರಿಯಲ್ಲಿದೆಯೋ ಅಲ್ಲಿಂದ ಹುಡುಕಬೇಕು. ಆದರೆ ಒಂದೇ ಪ್ರೋಗ್ರಾಮಿನಲ್ಲಿ ಹತ್ತು ಥ್ರೆಡ್ಡುಗಳು ಓಡುತ್ತಿದ್ದರೆ ಆ ‘ಸದ್ಯದ ಡೈರೆಕ್ಟರಿ’ ಹತ್ತಕ್ಕೂ ಒಂದೇ. ಒಂದು ಥ್ರೆಡ್ ಅದನ್ನು ಬದಲಿಸಿದರೆ ಉಳಿದವು ದಿಕ್ಕು ತಪ್ಪುತ್ತವೆ. ಸಾಲದ್ದಕ್ಕೆ, ದಾರಿಯ ನಡುವಿನ ಒಂದು ಡೈರೆಕ್ಟರಿಯನ್ನು ಯಾರಾದರೂ ಕಿಡಿಗೇಡಿ ಕ್ಷಣದಲ್ಲಿ ಅದಲುಬದಲು ಮಾಡಿ ಬೇರೆ ಕಡತಕ್ಕೆ ಕರೆದೊಯ್ಯಬಹುದು. ಓಪನ್‌ಆಟ್ ಯಾವ ಡೈರೆಕ್ಟರಿಯಿಂದ ಹುಡುಕಬೇಕು ಎಂಬುದನ್ನೂ ಕೈಯಲ್ಲಿ ಹಿಡಿಸಿ ಕಳಿಸುತ್ತದೆ. ಹಳೆಯ ರೀತಿಯೇ ಬೇಕೆಂದರೆ ಆ ಜಾಗದಲ್ಲಿ ಋಣ 100 ಎಂದಿಟ್ಟರಾಯಿತು. ಎಸ್‌ಟ್ರೇಸ್ ಅದನ್ನು ‘ಎಟಿ-ಎಫ್‌ಡಿಸಿಡಬ್ಲ್ಯುಡಿ’ ಎಂಬ ಹೆಸರಿನಿಂದ ತೋರಿಸುತ್ತದೆ. ಈ ಕರೆಗಳು ಲಿನಕ್ಸಿಗೆ ಬಂದದ್ದು 2006ರಲ್ಲಿ, 2.6.16 ಆವೃತ್ತಿಯಲ್ಲಿ.

ಪೈಪ್2 ಮತ್ತು ಡಪ್3 ಬಂದದ್ದು ಇನ್ನೆರಡು ವರ್ಷಕ್ಕೆ. ತೆರೆದ ಪೈಪು ಈ ಪ್ರೋಗ್ರಾಂ ಹುಟ್ಟಿಸುವ ಹೊಸ ಪ್ರೋಗ್ರಾಮಿಗೆ ಹೋಗಬಾರದು ಎಂದು ಗುರುತು ಹಾಕಬೇಕಾದರೆ ಮೊದಲು ಎರಡು ಕರೆ ಬೇಕಿತ್ತು: ತೆರೆಯುವುದು ಒಂದು, ಗುರುತು ಹಾಕುವುದು ಇನ್ನೊಂದು. ಆ ಎರಡರ ಸಂದಿನಲ್ಲಿ ಬೇರೊಂದು ಥ್ರೆಡ್ ಹೊಸ ಪ್ರೋಗ್ರಾಮನ್ನು ಹುಟ್ಟಿಸಿದರೆ, ಹೋಗಬಾರದ್ದು ಹೋಗಿಬಿಡುತ್ತಿತ್ತು. ಹೊಸ ಕರೆಗಳು ಎರಡನ್ನೂ ಒಂದೇ ಏಟಿಗೆ ಮುಗಿಸುತ್ತವೆ.

ಇಂಟೆಲ್ ಮಾದರಿಯಲ್ಲಿ ಹಳೆಯ ಓಪನ್, ಹಳೆಯ ಪೈಪ್ ಈಗಲೂ ಉಳಿದಿವೆ. ಉಳಿಯಲೇಬೇಕು, ಇಪ್ಪತ್ತು ವರ್ಷದ ಹಿಂದೆ ಕಟ್ಟಿದ ಪ್ರೋಗ್ರಾಮೂ ಇವತ್ತು ಓಡಬೇಕು ಎಂಬುದು ಲಿನಕ್ಸ್ ಕರ್ನಲ್ಲಿನವರ ಮುರಿಯಬಾರದ ನೇಮ. ರಿಸ್ಕ್-ಫೈವ್‌ಗೆ ಅಂಥ ಹಳೆಯ ಪ್ರೋಗ್ರಾಮುಗಳ ಹಂಗೇ ಇರಲಿಲ್ಲ. ತಡವಾಗಿ ಹುಟ್ಟಿದ್ದೇ ಅದರ ಭಾಗ್ಯ. 32 ಬಿಟ್‌ನ ರಿಸ್ಕ್-ಫೈವ್‌ನಲ್ಲಿ ಕಾಲವನ್ನು 32 ಬಿಟ್‌ನಲ್ಲಿ ಹೇಳುವ ಕರೆಗಳನ್ನೂ ಕೈಬಿಟ್ಟರು. 2038ರ ಜನವರಿ 19ರಂದು ಹಳೆಯ 32 ಬಿಟ್ ಗಡಿಯಾರಗಳ ಎಣಿಕೆ ತುಂಬಿ ತುಳುಕುವಾಗ ಈ ಯಂತ್ರಗಳಿಗೆ ಆ ಚಿಂತೆ ಇಲ್ಲ.

ಎಸ್‌ಟ್ರೇಸ್ ಕೊಡುವ ಪಟ್ಟಿಗೆ ಮಿತಿಗಳೂ ಇವೆ. ಗಂಟೆ ಎಷ್ಟು ಎಂದು ಪ್ರೋಗ್ರಾಂ ಸಾವಿರ ಸಲ ಕೇಳಿದರೂ ಸಾಮಾನ್ಯವಾಗಿ ಒಂದು ಸಾಲೂ ಕಾಣುವುದಿಲ್ಲ. ಕರ್ನಲ್ ಪ್ರತಿ ಪ್ರೋಗ್ರಾಮಿನ ಮೆಮೊರಿಯಲ್ಲೂ ವಿಡಿಎಸ್‌ಒ ಎಂಬ ಪುಟ್ಟ ತುಣುಕನ್ನು ಇಟ್ಟಿರುತ್ತದೆ. ಸಮಯದ ಪ್ರಶ್ನೆಗೆ ಅದೇ ಉತ್ತರ ಹೇಳುತ್ತದೆ, ಇಕಾಲ್ ಓಡುವುದೇ ಇಲ್ಲ. ಇನ್ನೊಂದು ತುದಿಯಲ್ಲಿ, ಕರ್ನಲ್ ತಾನೂ ಅದೇ ಇಕಾಲ್ ಬಳಸಿ ತನ್ನ ಕೆಳಗಿನ ಫರ್ಮ್‌ವೇರನ್ನು ಕರೆಯುತ್ತದೆ. ಆ ಸಂವಾದ ಎಸ್‌ಟ್ರೇಸ್‌ನ ಕಣ್ಣಿಗೆ ಬೀಳದು. ಕೊನೆಯದಾಗಿ ವೇಗ. ಪ್ರತಿ ಕರೆಗೆ ಎರಡು ಸಲ ನಿಲ್ಲಿಸಿದರೆ ಪ್ರೋಗ್ರಾಂ ತೀರ ನಿಧಾನವಾಗುತ್ತದೆ. ಸಾವಿರಾರು ಜನ ಬಳಸುತ್ತಿರುವ ಸರ್ವರಿನ ಮೇಲೆ ಇದನ್ನು ಹಿಂದುಮುಂದು ನೋಡದೆ ಹಚ್ಚಬಾರದು. ಅಲ್ಲಿಗೆ ಪರ್ಫ್, ಇಬಿಪಿಎಫ್ ಮುಂತಾದ ಹಗುರ ಉಪಾಯಗಳಿವೆ.

ಇದನ್ನೆಲ್ಲ ನೋಡಲು ರಿಸ್ಕ್-ಫೈವ್ ಬೋರ್ಡೇ ಬೇಕೆಂದಿಲ್ಲ. ಫ್ಯಾಬ್ರಿಸ್ ಬೆಲ್ಲಾರ್ಡ್ ಆರಂಭಿಸಿದ ಕ್ಯೂಇಎಂಯು ಎಂಬ ಉಚಿತ ತಂತ್ರಾಂಶ ನಿಮ್ಮ ಲ್ಯಾಪ್‌ಟಾಪಿನೊಳಗೇ ಆ ಯಂತ್ರವನ್ನು ನಟಿಸುತ್ತದೆ. ಅದರಲ್ಲಿ ಎರಡು ಬಗೆ. ಒಂದೇ ಪ್ರೋಗ್ರಾಮನ್ನು ಓಡಿಸುವ ಬಗೆಯಲ್ಲಿ ಕ್ಯೂಇಎಂಯುವಿನ ಒಳಗೇ ಎಸ್‌ಟ್ರೇಸ್ ಎಂಬ ಹೆಸರಿನದೇ ಒಂದು ಆಯ್ಕೆ ಇದೆ, ಅದನ್ನೇ ಬಳಸಬೇಕು. ಅಲ್ಲಿ ಪಿಟ್ರೇಸ್ ಇಲ್ಲದ್ದರಿಂದ ನಿಜವಾದ ಎಸ್‌ಟ್ರೇಸ್ ಓಡುವುದಿಲ್ಲ. ಇಡೀ ಯಂತ್ರವನ್ನು ನಟಿಸುವ ಬಗೆಯಲ್ಲಿ ಎಸ್‌ಟ್ರೇಸ್ ಎಂದಿನಂತೆ ಕೆಲಸ ಮಾಡುತ್ತದೆ. 2025ರಲ್ಲಿ ಬಂದ ಡೆಬಿಯನ್ 13 ರಿಸ್ಕ್-ಫೈವನ್ನು ಅಧಿಕೃತವಾಗಿ ಬೆಂಬಲಿಸಿದ ಡೆಬಿಯನ್‌ನ ಮೊದಲ ಬಿಡುಗಡೆ, ಅದನ್ನು ಹಾಕಿಕೊಳ್ಳಿ.

ಇಂಜಿನಿಯರಿಂಗ್ ಓದುತ್ತಿರುವ ಕೇಳುಗರಿಗೆ ನನ್ನದೊಂದು ಸಲಹೆ. ಆಪರೇಟಿಂಗ್ ಸಿಸ್ಟಂ ಪಾಠವನ್ನು ಬರೀ ಪುಸ್ತಕದಿಂದ ಓದಬೇಡಿ. ಒಂದೇ ಪ್ರೋಗ್ರಾಮನ್ನು ಎರಡು ವಿನ್ಯಾಸಗಳಲ್ಲಿ ಓಡಿಸಿ, ಎರಡು ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟುಕೊಳ್ಳಿ. ಒಂದೇ ರೀತಿ ಇರುವ ಸಾಲುಗಳನ್ನು ಬಿಟ್ಟುಬಿಡಿ. ಬೇರೆಯಾಗಿರುವ ಪ್ರತಿಯೊಂದು ಸಾಲಿನ ಮುಂದೆ ‘ಯಾಕೆ’ ಎಂದು ಬರೆದು ಉತ್ತರ ಹುಡುಕಿ. ಒಂದಕ್ಕೆ ಉತ್ತರ ಪ್ರೊಸೆಸರಿನ ರಿಜಿಸ್ಟರುಗಳಲ್ಲಿ ಸಿಗುತ್ತದೆ, ಇನ್ನೊಂದಕ್ಕೆ ಯಾವುದೋ ಹಳೆಯ ಭದ್ರತಾ ದೋಷದಲ್ಲಿ, ಮತ್ತೊಂದಕ್ಕೆ ಥ್ರೆಡ್ಡುಗಳೇ ಇಲ್ಲದಿದ್ದ ಕಾಲದ ಯೂನಿಕ್ಸಿನಲ್ಲಿ. ಹಳೆಯದನ್ನು ನಂಬಿದವರ ಕೈ ಬಿಡದೆ, ತಿದ್ದುಪಡಿಯನ್ನು ಹೊಸ ಜಾಗದಲ್ಲಿ ಜಾರಿಗೆ ತರುವುದು ಹೇಗೆ ಎಂಬುದನ್ನು ಇಷ್ಟು ಅಗ್ಗವಾಗಿ ಕಲಿಸುವ ಪಾಠ ಬೇರೊಂದಿಲ್ಲ.